ನಡೆದಾಡುವ ಗಡಿಕಲ್ಲುಗಳು

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಕಣಗಿಲೆನಾಡು ಎಂಬುದೊಂದು ರಾಜ್ಯವಿತ್ತು. ಅಲ್ಲಿ ರಾಜನ ಮಗ ರಾಜನಾಗುತ್ತಿರಲಿಲ್ಲ. ನಾಡಿಗೆ ಮೂರು ಸೀಮೆ, ಸೀಮೆಗೊಂದು ಹೂಮಾಲೆ. ಏಳು ವರ್ಷಕ್ಕೊಮ್ಮೆ ಜನ ತಮಗೆ ಬೇಕಾದವರ ಗಡಿಗೆಗೆ ಒಂದೊಂದು ಹುಣಸೆಬೀಜ ಹಾಕುತ್ತಿದ್ದರು. ಯಾರ ಗಡಿಗೆಯಲ್ಲಿ ಬೀಜ ಹೆಚ್ಚೋ ಅವರಿಗೆ ಆ ಸೀಮೆಯ ಮಾಲೆ. ಎರಡು ಮಾಲೆ ಬಿದ್ದವರಿಗೆ ಸಿಂಹಾಸನ.

ಇಪ್ಪತ್ತೊಂದು ವರ್ಷಗಳಿಂದ ಆ ಸಿಂಹಾಸನದಲ್ಲಿ ಕೂತಿದ್ದವನು ಧೂಮಾಕ್ಷನೆಂಬ ಮಂತ್ರವಾದಿ. ಅವನು ಒಂದು ಮೊಲವನ್ನೂ ಒಂದು ಕರಡಿಯನ್ನೂ ಒಂದು ಹುಲಿಯನ್ನೂ ಹಿಡಿದು ಮೂರು ಗಡಿಕಲ್ಲುಗಳೊಳಗೆ ಕಟ್ಟಿಹಾಕಿದ್ದ. ಆಯ್ಕೆಯ ದಿನ ಬೆಳಿಗ್ಗೆ ಅವನು ಕೊಳಲೂದಿದರೆ ಕಲ್ಲುಗಳು ಎದ್ದು ನಡೆಯುತ್ತಿದ್ದವು. ಅವನ ನಂಟರು ನೂರು ಜನ ಇದ್ದ ಕಡೆ ಒಂದು ಸೀಮೆಯಾಗುತ್ತಿತ್ತು. ಅವನ ಊಳಿಗದವರು ನೂರು ಜನ ಇದ್ದ ಕಡೆ ಇನ್ನೊಂದು. ಮಿಕ್ಕ ನಾಡೆಲ್ಲ ಸೇರಿ ಮೂರನೆಯದು. ಇನ್ನೂರು ಜನಕ್ಕೆ ಎರಡು ಮಾಲೆ, ಸಾವಿರಾರು ಜನಕ್ಕೆ ಒಂದೇ ಮಾಲೆ. ಪ್ರತಿ ಸಲವೂ ಅವನೇ ಗೆದ್ದ. ಜ್ವರ ಬಿಡಿಸುವ ಬೆಟ್ಟದ ಚಿಲುಮೆಗೆ ಬೀಗ ಹಾಕಿ, ಆ ಇನ್ನೂರು ಜನಕ್ಕೆ ಮಾತ್ರ ನೀರು ಕೊಟ್ಟ.

ದೊಡ್ಡ ಸೀಮೆಯಲ್ಲಿ ಗಿರಿಯವ್ವ ಎಂಬ ಹುಡುಗಿ ಇದ್ದಳು. ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ನಾಡಿನ ಮನೆಮನೆಗೂ ಮಾರುತ್ತಿದ್ದಳು. ಅವಳ ತಂಗಿ ನಿಂಗಿ ಜ್ವರದಿಂದ ಮಲಗಿ ಹದಿನೈದು ದಿನವಾಗಿತ್ತು. ಈ ಸಲ ಧೂಮಾಕ್ಷನ ಎದುರು ಸೂಲಗಿತ್ತಿ ಹೊನ್ನಜ್ಜಿ ನಿಂತಿದ್ದಳು. ಗೆದ್ದರೆ ಚಿಲುಮೆಯ ಬೀಗ ಒಡೆಸುತ್ತೇನೆ ಎಂದು ಸಾರಿದ್ದಳು. ಕಲ್ಲೊಳಗಿನ ಪ್ರಾಣಿಗಳನ್ನು ಒಲಿಸಿಕೊಂಡರೆ ಮಾಟದ ಕಟ್ಟು ಬಿಚ್ಚುತ್ತದೆ ಎಂದು ಗಿರಿಯವ್ವನಿಗೆ ತಿಳಿಸಿದವಳೂ ಅವಳೇ. ಗಿರಿಯವ್ವ ಕತ್ತೆ ಹೊಡೆದುಕೊಂಡು ಹೊರಟಳು.

ಮೊದಲನೆಯದು ಮೊಲದ ಕಲ್ಲು. ಅವಳನ್ನು ಕಂಡದ್ದೇ ಅದು ಕುಪ್ಪಳಿಸಿ ಓಡಿತು. ಗಿರಿಯವ್ವ ಅಟ್ಟಿಸಿಕೊಂಡು ಹೋಗಲಿಲ್ಲ. ಬಂಡೆಯ ಮೇಲೆ ಕೂತು, ಅಂಗೈಯಲ್ಲಿ ಉಪ್ಪು ಹಿಡಿದಳು. ಸ್ವಲ್ಪ ಹೊತ್ತಿಗೆ ಕಲ್ಲು ಹತ್ತಿರ ಬಂತು, ಕಲ್ಲೊಳಗಿಂದ ಎರಡು ಕಿವಿ ಹೊರಬಂದವು, ಆಮೇಲೆ ಇಡೀ ಮೊಲವೇ ಬಂದು ಉಪ್ಪು ನೆಕ್ಕಿತು. ಓಡಿ ಓಡಿ ಸಾಕಾಗಿದೆ ಎಂದು ಹೇಳಿ ಅವಳ ಹಿಂದೆ ಹೊರಟಿತು.

ಎರಡನೆಯದು ಕರಡಿಯ ಕಲ್ಲು. ನಾಡಿನಲ್ಲಿ ಎಷ್ಟು ತಲೆ ಇವೆ ಎಂದು ಕೇಳಿತು ಕರಡಿ. ತಪ್ಪು ಹೇಳಿದರೆ ಸೀಳಿಹಾಕುತ್ತೇನೆ ಎಂದೂ ಹೇಳಿತು. ಯಾವ ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತದೆ ಎಂಬುದು ಗಿರಿಯವ್ವನಿಗೆ ಬಾಯಿಪಾಠ. ಒಂದೊಂದೇ ಮನೆ ನೆನೆದು ಎಣಿಸಿ, ಮೂರು ಸಾವಿರಕ್ಕೆ ಒಂದು ಕಡಿಮೆ ಎಂದಳು. ಕರಡಿ ಪಂಜ ಎತ್ತಿತು. ಆಗ ಅವಳಿಗೆ ಹೊನ್ನಜ್ಜಿ ಆ ದಿನ ಬೆಳಿಗ್ಗೆ ಯಾರ ಮನೆಯಲ್ಲಿ ಹೆರಿಗೆ ಮಾಡಿಸಿ ಬಂದಿದ್ದಳೆಂಬುದು ಹೊಳೆಯಿತು.

"ತಡಿ. ಕುಂಬಾರರ ಮನೇಲಿ ಇವತ್ತು ಒಂದು ಕೂಸು ಹುಟ್ಟಿದೆ. ಅದಿನ್ನೂ ಉಪ್ಪು ತಿನ್ನೋದಿಲ್ಲ. ಆದರೂ ಅದೂ ಒಂದು ತಲೆಯೇ. ಸರಿಯಾಗಿ ಮೂರು ಸಾವಿರ."

ಕರಡಿ ಪಂಜ ಇಳಿಸಿ ಕಲ್ಲಿಂದ ಹೊರಗೆ ಬಂತು.

ಮೂರನೆಯದು ಹುಲಿಯ ಕಲ್ಲು. ಹುಲಿ ಗುರುಗುಟ್ಟಲೂ ಇಲ್ಲ. ಜೇನಿನಂಥ ದನಿಯಲ್ಲಿ, "ಗಿರಿಯವ್ವಾ, ನೀನು ಹೇಳಿದಲ್ಲಿ ಕಲ್ಲು ನೆಡುತ್ತೇವೆ. ಧೂಮಾಕ್ಷನಿಗೆ ಹೆದರುವ ಊರುಗಳನ್ನೆಲ್ಲ ಒಂದೇ ಮೂಲೆಗೆ ತಳ್ಳಿಬಿಡೋಣ. ನಿನ್ನ ಹೊನ್ನಜ್ಜಿ, ಅವಳ ಮೊಮ್ಮಕ್ಕಳು, ನೂರು ವರ್ಷ ನೀವೇ ಗೆಲ್ಲುತ್ತೀರಿ. ಏನಂತೀಯ?" ಎಂದಿತು.

ಗಿರಿಯವ್ವನಿಗೆ ನಿಂಗಿಯ ಸುಡುವ ಹಣೆ ನೆನಪಾಯಿತು. ಹೂಂ ಎಂದರೆ ಸಾಕು, ನೀರು ಸಿಕ್ಕೇ ಸಿಗುತ್ತದೆ. ಬೇಡವೆಂದರೆ ಅಜ್ಜಿ ಸೋತರೂ ಸೋಲಬಹುದು.

ಕೊನೆಗೆ ಅವಳು, "ಹಾಗೆ ಮಾಡಿದರೆ ಕೊಳಲು ಅವನ ಕೈಯಿಂದ ನಮ್ಮ ಕೈಗೆ ಬರುತ್ತೆ, ಅಷ್ಟೇ. ಒಂದೊಂದು ಸೀಮೆಗೆ ಸಾವಿರ ಸಾವಿರ ತಲೆ ಇರಲಿ. ಒಂದೇ ಕೆರೆಯ ನೀರು ಕುಡಿಯೋ ಊರುಗಳು ಒಟ್ಟಿಗಿರಲಿ. ಯಾರು ಯಾರ ಕಡೆಯವರು ಅಂತ ಮಾತ್ರ ನನ್ನ ಕೇಳಬೇಡ" ಎಂದಳು.

ಹುಲಿ ತಲೆಬಾಗಿ ಹೊರಗೆ ಬಂತು. ಹೂಂ ಎಂದವರನ್ನು ತಿಂದುಹಾಕು ಎಂದು ಧೂಮಾಕ್ಷ ಅದಕ್ಕೆ ಅಪ್ಪಣೆ ಮಾಡಿದ್ದನಂತೆ. ಆ ಸಂಜೆ ಮೂರು ಪ್ರಾಣಿಗಳೂ ಕಲ್ಲುಗಳನ್ನು ಹೊತ್ತು ಹೊಸ ಜಾಗದಲ್ಲಿ ನೆಟ್ಟವು. ಮೊಲಕ್ಕೆ ಕರಡಿ ಹೆಗಲು ಕೊಟ್ಟಿತು.

ಆಯ್ಕೆಯ ದಿನ ಧೂಮಾಕ್ಷ ಕೊಳಲೂದಿದ. ಕಲ್ಲುಗಳು ಅಲುಗಲಿಲ್ಲ. ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಾಗಿಸಿಕೊಂಡು ಮತ್ತೆ ಊದಿದ. ಕೊಳಲು ಸೀಳಿಹೋಯಿತು. ಜನ ಬೀಜ ಹಾಕಿದರು. ಅವನಿಗೆ ಹೆದರುವ ಊರುಗಳೇ ಹೆಚ್ಚಿದ್ದ ಮೊದಲ ಸೀಮೆಯ ಮಾಲೆ ಅವನಿಗೇ ಬಿತ್ತು. ಎರಡನೆಯದು ಹೊನ್ನಜ್ಜಿಗೆ. ಮೂರನೆಯ ಸೀಮೆಯಲ್ಲಿ ಬೀಜ ಎಣಿಸಿ ಎಣಿಸಿ, ಹನ್ನೊಂದು ಬೀಜ ಹೆಚ್ಚು ಎಂದು ಹೊನ್ನಜ್ಜಿಯ ಕೊರಳಿಗೆ ಮಾಲೆ ಹಾಕಿದರು. ಧೂಮಾಕ್ಷನ ಮಂತ್ರವೆಲ್ಲ ಹೊಗೆಯಾಗಿ ಹಾರಿಹೋಗಿ, ಕೆಮ್ಮುವ ಒಬ್ಬ ಮುದುಕ ಉಳಿದ.

ಚಿಲುಮೆಯ ಬೀಗ ಒಡೆಯಿತು. ನಿಂಗಿ ಮೂರು ಬೊಗಸೆ ನೀರು ಕುಡಿದು ಎದ್ದು ಕೂತು, ಹಸಿವು ಎಂದಳು. ಹಳೆಯ ಇನ್ನೂರು ಜನಕ್ಕೂ ನೀರು ತಪ್ಪಲಿಲ್ಲ. ಧೂಮಾಕ್ಷನೂ ಸಾಲಿನಲ್ಲಿ ನಿಂತ, ಅವನಿಗೂ ಸಿಕ್ಕಿತು, ಕೆಮ್ಮು ನಿಂತಿತು.

ಅಂದಿನಿಂದ ಏಳು ವರ್ಷಕ್ಕೊಮ್ಮೆ ಆ ನಾಡಿನವರು ಹುಟ್ಟಿದವರನ್ನು ಕೂಡಿ, ಹೋದವರನ್ನು ಕಳೆದು, ತಲೆ ಎಣಿಸಿ, ಎಲ್ಲರ ಕಣ್ಣೆದುರಿಗೆ ಹಗ್ಗ ಕಟ್ಟಿ ಗಡಿಕಲ್ಲುಗಳನ್ನು ತಾವೇ ಎಳೆದು ನೆಡುತ್ತಾರೆ. ಎಳೆದು ದಣಿದವರಿಗೆಲ್ಲ ಪಾನಕ, ಕೋಸಂಬರಿ. ಅವರು ಅಲ್ಲಿ ನೂರು ಕಾಲ ನಗುನಗುತ್ತಾ ಬಾಳಿದರು. ಕತೆ ಕೇಳಿದವರ ಮನೆಯೂ ತಣ್ಣಗಿರಲಿ.