ಹೊಗೆಯಂತ್ರ ಕಳವಾದ ಪ್ರಕರಣ

ನವೆಂಬರ್ ಹದಿನಾಲ್ಕು, ಬೆಳಿಗ್ಗೆ 10.20. ಸಂಕೇಶ್ವರದ ಆಚೆ, ಹಿರಣ್ಯಕೇಶಿ ದಂಡೆಯ ಆ ಠಾಣೆಗೆ ಎಮ್ಮೆ ಕಳೆದ ದೂರು, ಪಂಪ್‌ಸೆಟ್ ಕಳೆದ ದೂರು ಎಷ್ಟೋ ಬಂದಿದ್ದವು. ಸೊಳ್ಳೆಗೆ ಹೊಗೆ ಬಿಡುವ ಯಂತ್ರ ಕಳೆದದ್ದು ಇದೇ ಮೊದಲು. ಆರೋಗ್ಯ ನಿರೀಕ್ಷಕ ಗಜಾನನ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಪಿಎಸ್‌ಐ ದಾನೇಶ್ವರಿ ನಗು ನುಂಗಿಕೊಂಡು ಎಫ್‌ಐಆರ್ ಬರೆಸಿದಳು.

“ಕೀಲಿ ಮುರದೈತೇನ್ರಿ?”

“ಇಲ್ರಿ ಮೇಡಮ್ಮರ. ಹಾಕಿದ್ದು ಹಾಕಿದಂಗ ಐತಿ.”

“ಕೀಲಿಕೈ?”

“ನನ್ನ ಕಡೆ ಒಂದು, ಹನಮಂತನ ಕಡೆ ಒಂದು. ಹೊಗಿ ಬಿಡಾಂವ ಅವನರಿ. ಮೂರು ದಿನ ಆತು, ರಜಾದಾಗ ಅದಾನ.”

11.45ಕ್ಕೆ ಗಜಾನನನ ಮುಂದೆ ಆರೋಗ್ಯ ಕೇಂದ್ರದ ಉಗ್ರಾಣದಲ್ಲಿ ಪಂಚನಾಮೆ. ಯಂತ್ರದ ಜೊತೆ ಒಂದು ಕ್ಯಾನ್ ಔಷಧವೂ ಹೋಗಿತ್ತು. ದಾನೇಶ್ವರಿ ಹನಮಂತನ ಸಮೀಕ್ಷೆ ರಿಜಿಸ್ಟರ್ ತಿರುವಿದಳು. ಮನೆಮನೆಗೆ ಹೋಗಿ ಜ್ವರ ವಿಚಾರಿಸುವುದು, ಡ್ರಮ್ಮಿನ ನೀರಲ್ಲಿ ಮರಿಹುಳು ನೋಡುವುದು, ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ತಾರೀಖು ಬರೆಯುವುದು ಅವನ ಕೆಲಸ. ಅಕ್ಷರ ಮುತ್ತಿನಂತಿತ್ತು. ಒಂದು ಕಡೆ ಮಾತ್ರ “ನದಿ ಬಾಜೂ ಕಬ್ಬಿನ ಹೊಲ: ಮನೆಗಳಿಲ್ಲ” ಎಂಬ ಸಾಲನ್ನು ಕಾಗದ ಹರಿಯುವ ಹಾಗೆ ಗೀಚಿ ಹೊಡೆದುಹಾಕಿದ್ದ.

“ಇಲ್ಲೇನೈತ್ರಿ?”

“ಕಬ್ಬ ಕಡಿಯಾಕ ಮಹಾರಾಷ್ಟ್ರದ ಬೀಡದಿಂದ ಬಂದ ಗ್ಯಾಂಗಿನ ಜೋಪಡಿ. ಬಾಗಲಾನ ಇಲ್ಲ, ತಾರೀಖ ಎಲ್ಲಿ ಬರಿಯೂದ್ರಿ? ತಾರೀಖ ಇಲ್ಲಂದ್ರ ಮನಿ ಇಲ್ಲ. ಮೊದಲಿಂದ ಹಂಗ ಬಂದೈತಿ.”

ಹೊಗೆ ಬಿಡುವ ಹೊತ್ತು ಸಂಜೆ. 5.50ಕ್ಕೆ ದಾನೇಶ್ವರಿ, ಕಾನ್‌ಸ್ಟೇಬಲ್ ಪರಪ್ಪ ಹೊಳೆದಂಡೆಗೆ ಜೀಪಿನಲ್ಲಿ ಬಂದರು. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುವವರು ಆ ಸಂಜೆ ಅಲ್ಲಿರಬೇಕಿತ್ತು. ಇಳಿಬಿಸಿಲಿಗೆ ಬಂಗಾರವಾದ ಹೊಗೆ ಕಬ್ಬಿನ ಗರಿಗಳ ನಡುವೆ ಮೆಲ್ಲಗೆ ಹರಿಯುತ್ತಿತ್ತು. ಜೋಪಡಿಗಳು ನೆಲ ಬಿಟ್ಟು ತೇಲುವಂತಿದ್ದವು. ಸೆರಗು ಬಾಯಿಗೆ ಹಿಡಿದ ಹೆಂಗಸರು ಅದರೊಳಗೆ ಕರಗಿ, ಮತ್ತೆ ಮೂಡುತ್ತಿದ್ದರು. ತಾನು ಕಳ್ಳನನ್ನು ಹಿಡಿಯಲು ಬಂದವಳು ಎಂಬುದೇ ದಾನೇಶ್ವರಿಗೆ ಒಂದು ಗಳಿಗೆ ಮರೆತುಹೋಯಿತು. ಮನಸ್ಸಿಗೆ ಏನೋ ಹಿತವಾಗಿತ್ತು.

ಹೊಗೆಯ ತುದಿಯಲ್ಲಿ, ಹೆಗಲಿಗೆ ಯಂತ್ರ ಹಾಕಿಕೊಂಡ ಹನಮಂತ ಕಂಡ.

“ಬಂದ್ ಮಾಡ್ರಿ,” ಎಂದ ಪರಪ್ಪ.

“ಜೋಪಡಿ ಒಂದು ಸಾಲು ಉಳದೈತ್ರಿ ಸಾಹೇಬ್ರ. ಆಮ್ಯಾಲ ಎಲ್ಲಿ ಕರದ್ರ ಅಲ್ಲಿ ಬರ್ತೇನಿ.”

ದಾನೇಶ್ವರಿ ಪರಪ್ಪನನ್ನು ತಡೆದಳು. ಸಾಲು ಮುಗಿಯಿತು. 6.25ಕ್ಕೆ ದಸ್ತಗಿರಿ.

“ಕೇಳಿ ತರಾಕ ಏನಾಗಿತ್ರಿ?” ಎಂದಳು ದಾನೇಶ್ವರಿ.

“ಕೇಳಿದ್ನಿರಿ. ಲೆಕ್ಕದಾಗ ಇಲ್ಲದ ಜಾಗಾಕ ಔಷಧ ಇಲ್ಲ ಅಂದ್ರು. ಮನಿ ಇಲ್ಲ ಅಂತ ಬರದಾಂವನೂ ನಾನರಿ.” ಹನಮಂತ ಹೆಗಲಿನ ಯಂತ್ರ ನೆಲಕ್ಕಿಳಿಸಿದ. “ಪೂನಮ್ ಅಂತ ಒಂದ ಹುಡುಗಿ. ಆರು ವರ್ಷದ್ದು. ನನಗ ನೀರು ತಂದುಕೊಡ್ತು. ತಂಬಿಗಿ ಇಸಗೊಳ್ಳುವಾಗ ಅದರ ಕೈ ಸುಡ್ತಿತ್ರಿ. ಜ್ವರ ಅಂತ ಗೊತ್ತಾತು. ಯಾವ ಮನಿ ಅಂತ ಬರೀಲಿ? ಬರೀಲಿಲ್ಲ. ಐದನೇ ದಿನಕ್ಕ ಜೀವ ಹೋತು. ಈಗ ಅದರ ಅವ್ವ ಮಲಗ್ಯಾಳ.”

ದಾನೇಶ್ವರಿ ಮೊದಲು ಆಂಬುಲೆನ್ಸಿಗೆ ಫೋನು ಮಾಡಿ, ಆಮೇಲೆ ಹೇಳಿಕೆ ಬರೆಯಲು ಕೂತಳು. ಕಳವಿನ ಬಗ್ಗೆ ಅವನು ಹೇಳಿದ್ದು ಒಂದೇ ಮಾತು, ತಾನೇ ಒಯ್ದದ್ದು ಎಂದು. ಮಿಕ್ಕಿದ್ದೆಲ್ಲ ಹತ್ತೊಂಬತ್ತು ಜೋಪಡಿಗಳು, ಒಂದೊಂದರಲ್ಲಿ ಎಷ್ಟು ಜನ, ಯಾರಿಗೆ ಜ್ವರ ಎಂಬುದು. ಕೋರ್ಟಿಗೆ ಹೋಗುವ ಕಾಗದವನ್ನು ಯಾರೂ ಹೊಡೆದುಹಾಕಲಾರರು ಎಂದು ಅವನಿಗೆ ಯಾರು ಹೇಳಿದ್ದರೋ. ಜ್ವರದವರ ಹೆಸರು ಹನ್ನೊಂದು ಆದವು.

“ಮುಗೀತೇನ್ರಿ?”

“ಇನ್ನೊಂದೈತ್ರಿ ಮೇಡಮ್ಮರ,” ಎಂದ ಹನಮಂತ. “ಪೂನಮ್. ಜ್ವರ ಇತ್ತು ಅಂತ ಬರೀರಿ.”