ಗಿವ್ ಅಪ್ ಅಂದರೆ ಮ್ಯಾಲ ಕೊಡು

“ಏನು, ನಿಮ್ಮವ್ವ ದಿನಾ ಸೋಲ್ತಾಳೇನು?”

ಹಾಗೆ ಕೇಳಿ ಶೀತಲ್ ಸರ್ ನಕ್ಕುಬಿಟ್ಟರು. ಸರ್ ನಕ್ಕ ಮೇಲೆ ಕೇಳಬೇಕೆ? ಆರನೇ ಕ್ಲಾಸು ಪೂರ್ತಿ ಬೆಂಚು ಬಡಿದು ನಕ್ಕಿತು. ಮೊದಲ ಬೆಂಚಿನ ಕುನಾಲ ನಕ್ಕ ರಭಸಕ್ಕೆ ಅವನ ಪೆನ್ನು ಕೆಳಗೆ ಬಿತ್ತು.

ಗಂಗಾ ಮಾತ್ರ ನಗಲಿಲ್ಲ. ನೋಟ್‌ಬುಕ್ ಹಿಡಿದುಕೊಂಡು ಬೋರ್ಡಿನ ಪಕ್ಕ ನಿಂತೇ ಇದ್ದಳು. ‘ಮೈ ಮದರ್’ ಅಂತ ಐದು ಸಾಲು ಬರೆದು ತರಬೇಕಿತ್ತು, ತಂದಿದ್ದಳು. ಮೂರನೇ ಸಾಲು ಹೀಗಿತ್ತು: “ಮೈ ಮದರ್ ಗಿವ್ಸ್ ಅಪ್ ಎವ್ರಿ ಡೇ.” ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ.

ಸರ್ ಕಣ್ಣೊರೆಸಿಕೊಂಡು ವಿವರಿಸಿದರು. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದದ ಬೆನ್ನಿಗೆ ಸಣ್ಣದೊಂದು ಪದ ಬಂದು ಕೂತರೆ ಅರ್ಥವೇ ಬದಲಾಗುತ್ತದಂತೆ. ‘ಲುಕ್ ಆಫ್ಟರ್’ ಅಂದರೆ ಆಮೇಲೆ ನೋಡು ಅಂತಲ್ಲ, ಜೋಪಾನ ಮಾಡು ಅಂತ. ‘ಗಿವ್ ಅಪ್’ ಅಂದರೆ ಸೋತು ಕೈಚೆಲ್ಲಿ ಕೂರುವುದು. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಸರ್ ಗಂಗಾಳ ಮೂರನೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಇದನ್ನು ತೆಗೆದು ಬೇರೆ ಬರೆ ಎಂದರು.

“ತೆಗಿಯಂಗಿಲ್ರಿ,” ಎಂದಳು ಗಂಗಾ.

ಅವಳು ಕೆಂಪು ಗೆರೆಯ ಮೇಲೆ ಬೆರಳಿಟ್ಟಳು.

“ಗಿವ್ ಅಂದ್ರ ಕೊಡು, ಅಪ್ ಅಂದ್ರ ಮ್ಯಾಲ. ನೀವ ಕಲಿಸೀರಿ. ಸ್ಟ್ಯಾಂಡ್ ಅಪ್ ಅಂದ್ರ ನಾವು ಮ್ಯಾಲ ಏಳ್ತೀವಿ. ಅಲ್ಲಿ ಮ್ಯಾಲ ಅಂತ ಆದ್ರ, ಇಲ್ಲಿ ಯಾಕ ಅಲ್ರಿ?”

ಶೀತಲ್ ಸರ್ ಕೆಟ್ಟವರೇನಲ್ಲ. ಅಥಣಿಯಿಂದ ದಿನಾ ಬೈಕ್ ಮೇಲೆ ತೆಲಸಂಗಕ್ಕೆ ಬಂದು ಮನಸ್ಸಿಟ್ಟು ಕಲಿಸುತ್ತಾರೆ. ಆದರೆ ಉತ್ತರ ಇಲ್ಲದಾಗ ದೊಡ್ಡವರು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಅದು ಹಂಗ ಐತಿ ಎಂದು ಗದರಿದರು. ಸಾಲು ಬದಲಾಯಿಸದಿದ್ದರೆ ಶನಿವಾರ ಪಾಲಕರ ಸಭೆಯಲ್ಲಿ ಗಂಗಾಳ ಬದಲು ಕುನಾಲ ಓದಲಿ ಎಂದೂ ಹೇಳಿದರು.

ಶನಿವಾರ ಅವ್ವ ಬರುವವಳಿದ್ದಳು.

ಅವಳ ಅವ್ವ ಸತ್ತೆವ್ವ ಇದುವರೆಗೆ ಶಾಲೆಯ ಗೇಟು ದಾಟಿದವಳಲ್ಲ. ಓದು ಬಾರದ ನಾನು ಅಲ್ಲಿ ಬಂದು ಏನು ಮಾಡಲಿ ಎಂದು ಪ್ರತಿ ಸಲ ತಪ್ಪಿಸಿಕೊಳ್ಳುತ್ತಿದ್ದಳು. ಈ ಸಲ ಗಂಗಾ ಬಿಟ್ಟಿರಲಿಲ್ಲ. ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಓದುತ್ತೇನೆ ಎಂದು ಆಸೆ ಹಚ್ಚಿ ಒಪ್ಪಿಸಿದ್ದಳು. ಸತ್ತೆವ್ವ ಟ್ರಂಕಿನಿಂದ ಹಸಿರು ಸೀರೆಯನ್ನೂ ತೆಗೆದಿಟ್ಟಿದ್ದಳು.

ಸಂಜೆ ಶಾಲೆ ಬಿಟ್ಟಾಗ ಕುನಾಲ ದಾರಿಯುದ್ದಕ್ಕೂ “ಗಿವ್ ಅಪ್ ಗಂಗಾ” ಎಂದು ಕಾಡಿಸಿದ. ಗಂಗಾ ಒಂದು ಸಲ ತಿರುಗಿ ನಿಂತಳು. ಅವಳ ಮುಖ ನೋಡಿ ಅವನು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿದ.

ಮನೆಯ ಹಿತ್ತಲಲ್ಲಿ ಬಣವಿ ಒಟ್ಟುವ ಕೆಲಸ ನಡೆದಿತ್ತು. ಜೋಳದ ರಾಶಿ ಮುಗಿದಿತ್ತು. ಒಣಗಿದ ದಂಟು, ಅಂದರೆ ಕಣಕಿ, ಸೂಡುಸೂಡಾಗಿ ಕಟ್ಟಿಸಿಕೊಂಡು ಬಹುಪಾಲು ಮನೆಗೆ ಬಂದಿತ್ತು. ಅದನ್ನು ಮನೆಯೆತ್ತರ ಒಟ್ಟಿದರೆ ಎಮ್ಮೆಗಳಿಗೆ ಮಳೆಗಾಲದವರೆಗೂ ಮೇವು. ಅಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗಿದ್ದ. ಹಾಗಾಗಿ ಅವ್ವನ ತಮ್ಮ ಮಾಳು ಮಾಮಾ ಬಣವಿಯ ಮೇಲೆ ನಿಂತಿದ್ದ, ಅವ್ವ ಕೆಳಗೆ.

“ಮ್ಯಾಲ ಕೊಡಬೇ ಅಕ್ಕಾ,” ಎನ್ನುತ್ತಿದ್ದ ಮಾಮಾ.

ಅವ್ವ ತನಗಿಂತ ಉದ್ದದ ಸೂಡನ್ನು ಎತ್ತಿ ಮೇಲೆ ಕೊಡುತ್ತಿದ್ದಳು. ಮತ್ತೆ ಬಗ್ಗುವಳು, ಎತ್ತುವಳು, ಮೇಲೆ ಕೊಡುವಳು. ಈ ವಾರ ದಿನಾ ಮುಂಜಾನೆಯಿಂದ ಇದೇ ಕೆಲಸ. ಗಂಗಾಳಿಗೆ ಸಿಟ್ಟು ಮತ್ತೆ ಉಕ್ಕಿತು. ಇದನ್ನೇ ತಾನೆ ನಾನು ಬರೆದದ್ದು? ಇವಳು ಸೋಲುವವಳಂತೆ!

ಅವಳನ್ನು ನೋಡಿ ಅವ್ವ, ನನ್ನ ಬಗ್ಗೆ ಏನು ಬರೆದಿದ್ದೀ ಒಮ್ಮೆ ಓದು ಎಂದಳು. ಗಂಗಾ ನೋಟ್‌ಬುಕ್ ಚೀಲದಿಂದ ತೆಗೆಯಲಿಲ್ಲ. ಕ್ಲಾಸು ನಕ್ಕಿದ್ದನ್ನು ಹೇಳಲು ಬಾಯಿ ಬರಲಿಲ್ಲ. ಶನಿವಾರ ಕೇಳುವಿಯಂತೆ ಎಂದಷ್ಟೇ ಹೇಳಿದಳು.

ಹೊತ್ತು ಇಳಿಯುತ್ತಿದ್ದಂತೆ ಮಾಮಾ ಬಣವಿಯ ಅಂಚಿಗೆ ಬಂದು, “ಅಕ್ಕಾ, ಕೈ ಕೊಡ ಇಲ್ಲೆ,” ಎಂದ. ಅವ್ವ ಕೈ ಚಾಚಿದಳು. ಅವನು ಅದನ್ನು ಹಿಡಿದು ಕೆಳಗೆ ಜಿಗಿದ. ಒಂದು ತಂಬಿಗೆ ನೀರು ಕುಡಿದು ಮುಖ ಸಣ್ಣ ಮಾಡಿಕೊಂಡು ಹೇಳಿದ:

“ಟ್ರ್ಯಾಕ್ಟರ್‌ನವಾ ಕೈ ಕೊಟ್ಟ ನೋಡ್ಬೇ. ಇನ್ನ ನಾಕ ದಿನ ಬರಂಗಿಲ್ಲಂತ.”

ಹೊಲದಲ್ಲಿ ಇನ್ನೂ ನಲವತ್ತು ಸೂಡು ಉಳಿದಿದ್ದವು.

“ಕೊಟ್ರ ಕೊಡ್ಲಿ. ತಲಿ ಮ್ಯಾಲ ಹೊತ್ತ ತರೂಣು,” ಎಂದಳು ಅವ್ವ. “ಶನಿವಾರ ನಸುಕಿನ್ಯಾಗ ಎದ್ದು ತರ್ತೀನಿ, ಆಮ್ಯಾಲ ಇಕಿ ಸಾಲಿಗೆ ಹೋಗ್ತೀನಿ.”

ಗಂಗಾ ಇಬ್ಬರ ಮುಖವನ್ನೂ ನೋಡಿದಳು. ಅವ್ವ ಕೈ ಕೊಟ್ಟಳು, ಮಾಮಾ ಕೆಳಗಿಳಿದ. ಟ್ರ್ಯಾಕ್ಟರಿನವನೂ ಕೈ ಕೊಟ್ಟ, ಆದರೆ ಕೆಲಸ ಕೆಟ್ಟಿತು. ಅದೇ ಕೈ, ಅದೇ ಕೊಡು. ಇಂಗ್ಲಿಷಿನವನೊಬ್ಬ ಇಲ್ಲಿ ನಿಂತಿದ್ದರೆ ಟ್ರ್ಯಾಕ್ಟರಿನವನು ಬಹಳ ಒಳ್ಳೆಯವನು ಅಂದುಕೊಳ್ಳುತ್ತಿದ್ದ. ಹಾಗಾದರೆ ಸರ್ ಹೇಳಿದ್ದು ಸುಳ್ಳಲ್ಲ. ಆದರೆ ತಾನು ಬರೆದದ್ದೂ ಸುಳ್ಳಲ್ಲವಲ್ಲ.

ಅವಳು ಪಡಸಾಲೆಯಲ್ಲಿ ಕೂತು ನೋಟ್‌ಬುಕ್ ತೆರೆದಳು. ಕೆಂಪು ಗೆರೆಯ ಸಾಲನ್ನು ಹೊಡೆದು ಹಾಕಲಿಲ್ಲ. ಅದರ ಕೆಳಗಿನ ಖಾಲಿ ಜಾಗದಲ್ಲಿ ಬರೆದಳು.

ಶನಿವಾರ ಪಾಲಕರೆಲ್ಲ ಬಂದು ಕೂತರು. ಸತ್ತೆವ್ವ ಎಲ್ಲೂ ಕಾಣಲಿಲ್ಲ. ಸರ್ ಕುನಾಲನನ್ನು ಕರೆಯುವ ಹೊತ್ತಿಗೆ ಬಾಗಿಲಲ್ಲಿ ಹಸಿರು ಸೀರೆ ಕಂಡಿತು. ಅವಸರದಲ್ಲಿ ಬಂದಿದ್ದಳು, ಕೂದಲಲ್ಲಿ ಇನ್ನೂ ಕಣಕಿಯ ಒಣ ಎಲೆ ಸಿಕ್ಕಿಕೊಂಡಿತ್ತು. ಒಳಗೆ ಬರಲು ಅಂಜಿ ಹೊಸ್ತಿಲ ಹತ್ತಿರವೇ ನಿಂತಳು.

ಕುನಾಲ ಏಳುವ ಮೊದಲೇ ಗಂಗಾ ಎದ್ದು ನಿಂತಳು.

“ಗಂಗಾ, ಸಿಟ್ ಡೌನ್,” ಎಂದರು ಸರ್.

ಗಂಗಾ ಕೂರಲಿಲ್ಲ.

“ನಮ್ಮವ್ವ ಬಂದಾಳ್ರಿ. ನಾ ಓದ್ತೀನಿ. ತಪ್ಪಿದ್ರ ಎಲ್ಲಾರ ಮುಂದ ಹೇಳ್ರಿ.”

ಸರ್ ಬಾಗಿಲ ಕಡೆ ನೋಡಿದರು. ಸತ್ತೆವ್ವ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು. ಆಮೇಲೆ ಓದು ಎನ್ನುವ ಹಾಗೆ ತಲೆ ಆಡಿಸಿದರು. ಗಂಗಾ ಮೊದಲ ಎರಡು ಸಾಲು ಗಡಬಡಿಸಿ ಓದಿ ಮುಗಿಸಿ, ಮೂರನೆಯದಕ್ಕೆ ಬಂದು ನಿಧಾನ ಮಾಡಿದಳು.

“ಮೈ ಅಂಕಲ್ ಸೇಸ್, ಗಿವ್ ಅಪ್. ಮೈ ಮದರ್ ಗಿವ್ಸ್. ದ ಬಂಡಲ್ ಗೋಸ್ ಅಪ್. ಆಲ್ ಡೇ ಇಟ್ ಗೋಸ್ ಅಪ್. ಬಟ್ ಮೈ ಮದರ್ ಡಸ್ ನಾಟ್ ಗಿವ್ ಅಪ್.”

ಕುನಾಲ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಸರ್ ತುಟಿಯಲ್ಲೇ ಆ ಸಾಲುಗಳನ್ನು ಇನ್ನೊಮ್ಮೆ ಹೇಳಿಕೊಂಡರು. ಬೆರಳಲ್ಲಿ ಕೆಂಪು ಪೆನ್ನು ಇತ್ತು, ಅದರ ಮುಚ್ಚಳ ಹಾಕಿ ಕಿಸೆಗೆ ಇಟ್ಟುಕೊಂಡರು. “ತಪ್ಪಿಲ್ಲ,” ಎಂದರು ಎಲ್ಲರಿಗೂ ಕೇಳುವ ಹಾಗೆ.

ಮನೆಗೆ ಬರುವಾಗ ಸತ್ತೆವ್ವ ಅದರ ಅರ್ಥ ಕೇಳಿದಳು. ಮಾಮಾ ಮ್ಯಾಲ ಕೊಡು ಅಂತಾನ, ನೀನು ಕೊಡ್ತಿ, ಅದನ್ನೇ ಹೇಳಿದೆ ಎಂದಳು ಗಂಗಾ. ಸತ್ತೆವ್ವ ದಾರಿಯುದ್ದಕ್ಕೂ ಬಾಯಲ್ಲಿ ಏನೋ ಗುನುಗುತ್ತ ಬಂದಳು.

ಸಂಜೆ ಮಾಮಾ ಬಣವಿ ಹತ್ತಿದ. ಸತ್ತೆವ್ವ ಮೊದಲ ಸೂಡನ್ನು ಎತ್ತಿ ಗಟ್ಟಿಯಾಗಿ ಹೇಳಿದಳು:

“ಮಾಳೂ, ಹಿಡಿ. ಗಿವ್ ಅಪ್.”

ಗಂಗಾಳ ಹೊಟ್ಟೆಯೊಳಗಿಂದ ನಗು ಉಕ್ಕಿ ಗಂಟಲವರೆಗೆ ಬಂತು. ಸರ್‌ಗೂ ಅವತ್ತು ಹೀಗೇ ಬಂದಿರಬೇಕು, ಕೇಳದೆ ಹೇಳದೆ. ಅವಳು ಅದನ್ನು ಅಲ್ಲೇ ನುಂಗಿದಳು.

“ಬರೋಬರಿ ಅಂದ್ನಿಲ್ಲ?” ಎಂದು ಅವ್ವ ತಿರುಗಿ ನೋಡಿದಳು. ಅವಳ ಮುಖದ ತುಂಬ ಹುರುಪು.

“ಬರೋಬರಿ ಐತಿ ಬೇ,” ಎಂದಳು ಗಂಗಾ, ಕೆಳಗಿದ್ದ ಇನ್ನೊಂದು ಸೂಡಿನ ತುದಿ ಹಿಡಿಯುತ್ತ. “ಆದ್ರ ಇಂಗ್ಲಿಷ್‌ನವರ ಮುಂದ ಅನಬ್ಯಾಡ. ಪಾಪ, ಅವ್ರು ಬಣವಿ ಒಟ್ಟಿಲ್ಲ.”