ಬಲ ಚಕ್ರದ ಅರ್ಧ ಗೆರೆ

ಟೀಚರಮ್ಮನ ಕಾರು ತಿರುವಿನಲ್ಲಿ ಕಂಬಕ್ಕೆ ಗುದ್ದಿ ನಿಂತಿತ್ತು. ಮುಂದಿನ ಬಲ ಚಕ್ರ ಮುರಿದ ಕಾಲಿನಂತೆ ಹೊರಕ್ಕೆ ವಾಲಿತ್ತು. ಅವರು ಐಸಿಯುನಲ್ಲಿ. ಉಳಿಯುತ್ತಾರೋ ಇಲ್ಲವೋ, ಡಾಕ್ಟರು ಬಾಯಿ ಬಿಡುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಬಗ್ಗಿ ಟಾರ್ಚ್ ಬಿಟ್ಟಳು. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಕಿತ್ತುಬಂದಿತ್ತು. ಸವೆದು ಸಡಿಲವಾದ ಹಳೇ ಮಾಲು. ಅದು ಕೂತಿದ್ದ, ಚಕ್ರವನ್ನು ಬಾಡಿಗೆ ಸೇರಿಸುವ ಕಬ್ಬಿಣದ ತೋಳಾದ ಆರ್ಮ್‌ನ ರಬ್ಬರ್ ಬುಷ್‌ಗಳೂ ಬಿರಿದಿದ್ದವು.

"ಹೋದ ವಾರ ಅಕ್ಕ ಎಲ್ಲಾ ಹೊಸದು ಹಾಕಿಸಿದ್ಳು ಮೇಡಂ," ಎಂದ ಟೀಚರಮ್ಮನ ತಮ್ಮ. "ಆ ಗ್ಯಾರೇಜ್ ಮೇಸ್ತ್ರಿ ಹಳೇದನ್ನೇ ಬಿಟ್ಟು ನಾಮ ಹಾಕಿದಾನೆ."

ಅವನು ದೂರು ಕೊಟ್ಟ. ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನು ಸ್ಟೇಷನ್ನಿಗೆ ಎಳೆತಂದಳು. ಅಷ್ಟರಲ್ಲಿ ಗ್ಯಾರೇಜಿನ ಮುಂದೆ ಜನ ಸೇರಿ, ಕಲ್ಲೂ ಬಿತ್ತು. ಒಳಗೆ ಮೇಸ್ತ್ರಿಯ ಹೆಂಡತಿ ಒಬ್ಬಳೇ. ದುಡುಕಿದೆನೇನೋ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು.

* * *

ಸ್ಟೇಷನ್ನಿನಲ್ಲಿ ಮೇಸ್ತ್ರಿ ಕೈಮುಗಿದ.

"ಬೋಲ್ಟ್ ಬಿಗಿದ್ಮೇಲೆ ಹಳದಿ ಪೇಂಟಲ್ಲಿ ಗೆರೆ ಎಳೀತೀನಿ ಮೇಡಂ. ಅರ್ಧ ಬೋಲ್ಟ್ ಮೇಲೆ, ಅರ್ಧ ಬಾಡಿ ಮೇಲೆ. ಆಮೇಲೆ ಯಾರು ಬಿಚ್ಚಿದ್ರೂ ಗೆರೆ ಕೂಡಲ್ಲ. ಹೋಗಿ ನೋಡಿ."

"ಬೇರೆ ಯಾರಾದ್ರೂ ಬಿಚ್ಚಿ ಹಾಕಿದ್ರೆ ಗೊತ್ತಾಗತ್ತಾ?"

"ಕೆಲಸ ಗೊತ್ತಿಲ್ಲದೋರು ಗಾಡಿ ಜಾಕ್ ಮೇಲಿರುವಾಗ್ಲೇ ಬುಷ್ ಬೋಲ್ಟ್ ಬಿಗೀತಾರೆ. ರಬ್ಬರ್ ತಿರುಚಿ ಸೆಟೆದುಕೊಳ್ಳುತ್ತೆ, ಗಾಡಿ ಆ ಕಡೆ ಎತ್ತರ ನಿಲ್ಲುತ್ತೆ. ನೆಲಕ್ಕಿಳಿಸಿ ಬಿಗೀಬೇಕು."

ಅವಳು ಕಾರಿನತ್ತ ಓಡಿದಳು. ಎಡಗಡೆ ಗೆರೆ ಪೂರ್ತಿ ಇತ್ತು. ಬಲಗಡೆ ಬಾಡಿಯ ಮೇಲೆ ಮಾತ್ರ ಅರ್ಧ ಗೆರೆ. ಬೋಲ್ಟ್ ತುಕ್ಕು ಹಿಡಿದದ್ದು, ಹಳದಿಯ ಸುಳಿವೇ ಇಲ್ಲ.

ಅಂದರೆ ಮೇಸ್ತ್ರಿ ಹೊಸ ಆರ್ಮ್ ಹಾಕಿದ್ದು ನಿಜ. ಆಮೇಲೆ ಯಾರೋ ಅದನ್ನು ಬಿಚ್ಚಿಕೊಂಡು ಸ್ವಂತ ಕಾರಿನ ಹಳೇದನ್ನು ತಗುಲಿಸಿದ್ದರು. ಅಂಥದ್ದೇ ಕಾರು ಇರುವವರಿಗೆ ಮಾತ್ರ ಅದು ಉಪಯೋಗ.

* * *

ಟೀಚರಮ್ಮನ ಸ್ಥಿತಿ ವಿಚಾರಿಸಲು ಹೋದಾಗ ಆಸ್ಪತ್ರೆಯ ಅಂಗಳದಲ್ಲಿ ಅಂಥದ್ದೇ ಇನ್ನೊಂದು ಕಾರು ನಿಂತಿತ್ತು. ಮುಂದಿನ ಬಲಗಡೆ ಎರಡು ಬೆರಳು ಎತ್ತರ. ಅವಳು ಅಂಗಾತ ಮಲಗಿ ಅಡಿಗೆ ತೂರಿದಳು. ಆರ್ಮ್ ಹೊಸದು. ಬೋಲ್ಟಿನ ತಲೆಯ ಮೇಲೆ ಹಳದಿಯ ಅರ್ಧ ಗೆರೆ.

ಹೊರಗೆ ಬಂದರೆ ಎದುರಿಗೆ ಟೀಚರಮ್ಮನ ತಮ್ಮ. ಕೈಯಲ್ಲಿ ಆ ಕಾರಿನ ಕೀಲಿ.

"ಬೋಲ್ಟ್ ಸಮೇತ ಬಿಚ್ಚಿಕೊಂಡ್ರಾ?"

ಅವನು ತಲೆ ತಗ್ಗಿಸಿದ. "ನನ್ನದು ದಿನಾ ಹೈವೇ ಓಡೋ ಗಾಡಿ ಮೇಡಂ. ಅಕ್ಕ ಸ್ಕೂಲು ಬಿಟ್ರೆ ಮನೆ. ಮುಂದಿನ ತಿಂಗಳು ಹೊಸದು ತಂದು ಹಾಕಿದ್ರಾಯ್ತು ಅಂದ್ಕೊಂಡೆ."

ಅವಳು ಮೊದಲು ಸ್ಟೇಷನ್ನಿಗೆ ಫೋನ್ ಮಾಡಿದಳು. "ಮೇಸ್ತ್ರಿನ ಬಿಡಿ. ಇಬ್ಬರು ಜೊತೆಗೆ ಹೋಗಿ ಗ್ಯಾರೇಜ್ ಮುಂದೆ ನಿಲ್ಲಿ. ತಪ್ಪು ಅವನದಲ್ಲ ಅಂತ ಜನಕ್ಕೆ ಜೋರಾಗಿ ಹೇಳಿ."

ಆಮೇಲೆ ಟೀಚರಮ್ಮನ ತಮ್ಮನತ್ತ ತಿರುಗಿದಳು. "ಆ ತಿರುವು ಸ್ಕೂಲಿನ ದಾರೀಲಿಲ್ಲ. ನಿಮ್ಮಕ್ಕ ಎಲ್ಲಿಗೆ ಹೊರಟಿದ್ರು?"

ಅವನು ಕಾರಿನ ಕೀಲಿಯನ್ನು ಅವಳ ಕೈಗಿಟ್ಟ.

"ನಮ್ಮನೆಗೆ. ಮಗೂಗೆ ಜ್ವರ ಏರಿತ್ತು, ನಾನು ಊರಲ್ಲಿರಲಿಲ್ಲ. ಬೇಗ ಹೋಗಕ್ಕಾ, ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ ನಾನೇ ಫೋನ್ ಮಾಡಿದ್ದೆ."